ಯುದ್ಧದ ಅನಿಮೆ ಬೇಕು, ಆದ್ರೆ ಅಡುಗೆಮನೆ ಕಡೆಯದ್ದು

ರಾಯಚೂರು_ಬಿಸಿಲು:
ಹೋದ ಭಾನುವಾರ ಹೊರಗೆ ಕಾಲಿಡೋಕೆ ಆಗದ ಬಿಸಿಲು, ಸುಮ್ನೆ ರೂಮಲ್ಲಿ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಅನ್ನೋ ಜಪಾನಿನ ಅನಿಮೆ (ಕಾರ್ಟೂನ್ ಸಿನಿಮಾ) ಹಾಕಿದ್ವಿ, ಎರಡನೇ ಮಹಾಯುದ್ಧದ ಕಾಲದ ಅಣ್ಣ-ತಂಗಿ ಕಥೆ. ಮುಗಿದ ಮೇಲೆ ನಾಲ್ಕು ಜನಾನೂ ಗಪ್‌ಚಿಪ್. ನನಗೆ ಕಾಡಿದ್ದು ಬಾಂಬ್ ಅಲ್ಲ. ಆ ಸೌಟು. ಸತ್ತ ಅಮ್ಮನ ಕಿಮೋನೊ ಕೊಟ್ಟು ಅಕ್ಕಿ ತಂದಿರ್ತಾರೆ, ಆದ್ರೂ ಆ ಸಂಬಂಧಿಕರ ಹೆಂಗಸು ತಳದ ಅಗುಳು ತನ್ನವರಿಗೆ ಹಾಕಿ, ಮೇಲಿನ ತಿಳಿ ಈ ಎರಡು ಮಕ್ಕಳಿಗೆ ಬಡಿಸ್ತಾಳಲ್ಲ, ಅದು.

ಸೋಲ್ತಾ ಇರೋ ದೇಶದಲ್ಲಿ ಮನೆ ಹೇಗೆ ನಡೀತು ಅಂತ ತೋರಿಸೋ ಇಂಥದ್ದು ಬೇರೆ ಯಾವುದಿದೆ? ರೋಬೋಟ್ ಬೇಡ. ಇನ್ನೊಂದು ಡೌಟು: ಇದೆಲ್ಲ ‘ನಾವು ಪಾಪ’ ಅಂತ ಜಪಾನಿನವರು ಅಳೋದೇ ಅಲ್ವಾ?

ಬಳ್ಳಾರಿ_ಅಕ್ಕ:
‘ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್’ ನೋಡು ತಮ್ಮಾ, 2016ರದ್ದು, ಸುನಾವೊ ಕತಾಬುಚಿ ಮಾಡಿದ್ದು. ಸುಜು ಅಂತ ಹುಡುಗಿ, ಹಿರೋಷಿಮಾ ತವರು, 1944ರಲ್ಲಿ ಮದುವೆಯಾಗಿ ಕುರೆ ಅನ್ನೋ ನೌಕಾನೆಲೆ ಊರಿಗೆ ಬರ್ತಾಳೆ. ಅರ್ಧ ಸಿನಿಮಾ ಅವಳು ಒಲೆ ಮುಂದೆಯೇ ಇರ್ತಾಳೆ. ರೇಷನ್ ಕಮ್ಮಿಯಾದ ಹಾಗೆ ದಾರಿ ಬದಿ ಸೊಪ್ಪು ಕಿತ್ತು ತಂದು ಅಡುಗೆಗೆ ಹಾಕ್ತಾಳೆ. ನಮ್ಮಮ್ಮ ಹೊಲದ ಬದುವಲ್ಲಿ ಹಕ್ಕರಕಿ, ಗೋಳಿ ಸೊಪ್ಪು ಕೀಳೋದೇ ಕಣ್ಮುಂದೆ ಬಂತು. ನಾವು ರೊಟ್ಟಿ ಜೊತೆ ರುಚಿಗೆ ತಿಂತೀವಿ, ಅವಳಿಗೆ ಬೇರೆ ದಾರಿ ಇಲ್ಲ, ಅಷ್ಟೇ ವ್ಯತ್ಯಾಸ. ಅಕ್ಕಿ ಹುರಿದು, ರಾತ್ರಿ ನೆನೆಸಿ, ಉಬ್ಬಿಸಿ ಅನ್ನ ಜಾಸ್ತಿ ಕಾಣೋ ಹಾಗೆ ಮಾಡ್ತಾಳೆ. ಮನೆಯವರ ಮುಖ ನೋಡಬೇಕು ನೀನು! ಇರುವೆ ಬರ್ತವೆ ಅಂತ ಸಕ್ಕರೆ ಬಟ್ಟಲನ್ನ ನೀರಲ್ಲಿ ಇಡ್ತಾಳೆ, ಅದು ಮುಳುಗಿ ಸಕ್ಕರೆಯೆಲ್ಲ ಕರಗಿ ಹೋಗುತ್ತೆ. ಆಮೇಲೆ ಕಾಳಸಂತೆಗೆ ಓಡ್ತಾಳೆ. ಮುಂದಿನದ್ದು ಹೇಳಲ್ಲ.

ಕೊಪ್ಪಳದಾಂವ:
ಅಕ್ಕಾ, ಅದೇ ನನ್ನ ತಕರಾರು. ಸುಜು ಅಷ್ಟು ಮುಗ್ಧೆ ಅಂದ್ರೆ, ಕೊರಿಯಾ, ಚೀನಾದಲ್ಲಿ ಇವರ ಸೈನ್ಯ ಏನು ಮಾಡ್ತು ಅನ್ನೋದು ಎಲ್ಲಿ ಹೋಯ್ತು? ಫೈರ್‌ಫ್ಲೈಸ್‌ನಲ್ಲೂ ಅಷ್ಟೇ.

ಬಳ್ಳಾರಿ_ಅಕ್ಕ:
ಫೈರ್‌ಫ್ಲೈಸ್ ಮಾತು ಒಪ್ತೀನಿ, ಸ್ವಲ್ಪ. ಆದ್ರೆ ಅದರ ನಿರ್ದೇಶಕ ತಕಾಹಾತ ಅವರೇ ಇದು ಯುದ್ಧವಿರೋಧಿ ಸಿನಿಮಾ ಅಲ್ಲ ಅಂತ ಹೇಳಿದ್ದಾರೆ. ಒಂಬತ್ತು ವರ್ಷದವರಿದ್ದಾಗ ಒಕಾಯಾಮದ ಬಾಂಬ್ ದಾಳಿಯಲ್ಲಿ ಬದುಕುಳಿದವರು ಅವರು. ಹುಡುಗನ ಹಠಾನೂ ಸರಿಯಾಗಿ ನೋಡಿ. ಅಮ್ಮ ಬ್ಯಾಂಕಲ್ಲಿ 7,000 ಯೆನ್ ಇಟ್ಟಿರ್ತಾಳೆ, ಆದ್ರೂ ಆ ಸಂಬಂಧಿಕರ ಹೆಂಗಸಿನ ಒಂದು ಮಾತು ಕೇಳಿಸ್ಕೊಳ್ಳಕ್ಕಾಗದೆ ತಂಗಿನ ಕರ್ಕೊಂಡು ಮನೆ ಬಿಡ್ತಾನೆ. ಅವನೂ ಪೂರ್ತಿ ಪಾಪದವನಲ್ಲ.

ಸುಜು ವಿಷಯಕ್ಕೆ ಬಂದ್ರೆ, 1945 ಆಗಸ್ಟ್ 15ರಂದು ರೇಡಿಯೋದಲ್ಲಿ ಶರಣಾದ ಸುದ್ದಿ ಬಂದಾಗ ಸಿಟ್ಟಿಗೇಳ್ತಾಳೆ. ಅದೇ ಹೊತ್ತಿಗೆ ಊರಲ್ಲಿ, ಅಲ್ಲೀವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ಬಾವುಟ ಏರುತ್ತೆ. ಕಡಲಾಚೆಯಿಂದ ಬಂದ ಅಕ್ಕಿ, ಸೋಯಾ ತಿಂದೇ ತನ್ನ ಮೈ ಬೆಳೆದಿದೆ ಅಂತ ಆಗ ಅವಳಿಗೆ ಹೊಳೆಯುತ್ತೆ. ಒಂದೇ ನಿಮಿಷ. ಸಾಲದು ಅಂದ್ರೆ ನಾನು ಜಗಳ ಆಡಲ್ಲ, ಆದ್ರೆ ಇಲ್ಲ ಅಂತ ಹೇಳಬೇಡಿ.

ಕೊಪ್ಪಳದಾಂವ:
ಆ ಬಾವುಟ ನಾನು ಗಮನಿಸೇ ಇರ್ಲಿಲ್ಲ, ಮತ್ತೆ ನೋಡ್ತೀನಿ. ಅಡುಗೆಮನೆ ಅಂದಿದ್ದಕ್ಕೆ ನೆನಪಾಯ್ತು. ನಮ್ಮ ಅಜ್ಜಿ 1948ರ ರಜಾಕಾರರ ಗಲಾಟೆಲಿ ಮುಂಡರಗಿ ಕಡೆ ಹೋದವರು. ನಿಜಾಮ, ಪೊಲೀಸ್ ಕಾರ್ಯಾಚರಣೆ ಅಂತ ಕೇಳಿದ್ರೆ ‘ಏನೋಪ್ಪ’ ಅಂತಿದ್ರು. ಆದ್ರೆ ರಾತ್ರೋರಾತ್ರಿ ಕಟ್ಟಿದ ಬುತ್ತಿಲಿ ಎಷ್ಟು ರೊಟ್ಟಿ ಇತ್ತು ಅಂತ ಕರೆಕ್ಟಾಗಿ ಹೇಳ್ತಿದ್ರು, ಹದಿನೇಳು. ಹೊರಡೋಕೆ ಮುಂಚೆ ಅವರಪ್ಪ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿ ಬಂದ್ರಂತೆ, ಕಟ್ಟಿದ್ದಲ್ಲೇ ಸಾಯಬಾರದು ಅಂತ.

ರಾಯಚೂರು_ಬಿಸಿಲು:
ಇವತ್ತು ರಾತ್ರಿ ಸುಜು ನೋಡ್ತೀನಿ ಅಕ್ಕ, ಥ್ಯಾಂಕ್ಸ್. ಅಣ್ಣಾ, ಆ ಎಮ್ಮೆ ವಾಪಸ್ ಸಿಕ್ತಾ?

ಕೊಪ್ಪಳದಾಂವ:
ಇಲ್ಲ. ಕರು ಸಿಕ್ತಂತೆ, ಪಕ್ಕದ ಮನೆಯವರ ದನದ ಜೊತೆ.