ಪೇಟೆಂಟ್, ಬ್ರ್ಯಾಂಡ್, ಸಾಫ್ಟ್‌ವೇರ್ ಎಲ್ಲಾ ಇದೆ, ಇದ್ರಿಂದ ಆದಾಯ ತರೋದು ಹೇಗೆ?

ಪ್ರಶ್ನೆ: ನಮ್ದು ಅಳತೆ ಉಪಕರಣ ಮಾಡೋ ಸಣ್ಣ ಕಂಪನಿ. ಕೆಲವು ಪೇಟೆಂಟ್, ಒಂದು ಟ್ರೇಡ್‌ಮಾರ್ಕ್, ಸ್ವಂತ ಸಾಫ್ಟ್‌ವೇರ್ ಇದೆ. ವರ್ಷಾವರ್ಷ ಫೀಸ್ ಕಟ್ತಾನೇ ಇದೀವಿ, ವಾಪಸ್ ಏನೂ ಬರ್ತಿಲ್ಲ. ಎಲ್ಲಿಂದ ಶುರು ಮಾಡ್ಬೇಕು? ಅನುಭವ ಇದ್ದೋರು ಹೇಳಿ.

ಉತ್ತರ: ಸರ್, ಮೊದ್ಲು ಪೇಟೆಂಟ್ ಫೈಲ್ ಪಕ್ಕಕ್ಕಿಡಿ, ಗಿರಾಕಿಗಳು ನಿಮ್ಮ ಹತ್ರಾನೇ ಯಾಕೆ ಬರ್ತಾರೆ ಅಂತ ಸೇಲ್ಸ್ ಮತ್ತೆ ಸರ್ವಿಸ್‌ನವ್ರನ್ನ ಕೂರಿಸ್ಕೊಂಡು ಕೇಳಿ. ಇಂಥದ್ದೇ ಕಂಪನೀಲಿ ನಾನು ಈ ಕೆಲಸ ನೋಡ್ಕೊಳ್ತಿದ್ದಾಗ ಗೊತ್ತಾಗಿದ್ದು ಏನಂದ್ರೆ, ಗಿರಾಕಿ ದುಡ್ಡು ಕೊಡ್ತಿದ್ದಿದ್ದು ನಮ್ಮ ಕ್ಯಾಲಿಬ್ರೇಷನ್ (ಉಪಕರಣದ ಅಳತೆ ತಾಳೆ ನೋಡಿ ಸರಿಮಾಡೋ) ವಿಧಾನಕ್ಕೆ, ಅದಕ್ಕೆ ಪೇಟೆಂಟೂ ಇರ್ಲಿಲ್ಲ ಬರೆದಿಟ್ಟ ದಾಖಲೇನೂ ಇರ್ಲಿಲ್ಲ, ಹಳೇ ಇಂಜಿನಿಯರ್‌ಗಳ ತಲೇಲಿತ್ತು ಅಷ್ಟೇ. ಅದನ್ನ ಬರೆಸಿ, ಯಾರ್ಯಾರು ನೋಡ್ಬಹುದು ಅಂತ ಮಿತಿ ಹಾಕಿ, ಎಲ್ರ ಹತ್ರ ಗೌಪ್ಯತಾ ಒಪ್ಪಂದಕ್ಕೆ ಸೈನ್ ಮಾಡಿಸಿ ಟ್ರೇಡ್ ಸೀಕ್ರೆಟ್ (ವ್ಯಾಪಾರದ ಗುಟ್ಟು) ಆಗೇ ಇಟ್ಕೊಂಡ್ವಿ. ಪೇಟೆಂಟ್ ಅಂದ್ರೆ ವಿವರ ಎಲ್ಲಾ ಬಹಿರಂಗ ಆಗತ್ತೆ, ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ 20 ವರ್ಷ ಅಷ್ಟೇ ರಕ್ಷಣೆ. ಉಪಕರಣ ಬಿಚ್ಚಿದ್ರೆ ಕಾಣೋದಕ್ಕೆ ಪೇಟೆಂಟ್ ಸರಿ, ಕಾರ್ಖಾನೆ ಒಳಗೇ ಉಳಿಯೋದಕ್ಕೆ ಗುಟ್ಟೇ ವಾಸಿ.

ಆಮೇಲೆ ಇರೋ ಪೇಟೆಂಟ್‌ಗಳನ್ನ ವಿಂಗಡಿಸಿ. 1990ರ ದಶಕದಲ್ಲಿ ಅಮೆರಿಕದ ರಾಸಾಯನಿಕ ಕಂಪನಿ ಡೌ ಕೆಮಿಕಲ್ ಮಾಡಿದ್ದೂ ಇದನ್ನೇ, ಒಂದೊಂದು ಪೇಟೆಂಟ್‌ನೂ ಯಾವ ವ್ಯಾಪಾರ ವಿಭಾಗ ಬಳಸ್ತಿದೆ ಅಂತ ನೋಡಿ ಬಳಸೋದು, ಲೈಸೆನ್ಸ್ ಕೊಡೋದು (ಬೇರೆಯವ್ರಿಗೆ ದುಡ್ಡಿಗೆ ಬಳಸೋಕೆ ಬಿಡೋದು), ಕೈಬಿಡೋದು ಅಂತ ಬೇರೆ ಮಾಡಿದ್ರು, ಬೇಡದ್ದು ಬಿಟ್ಟಿದ್ರಲ್ಲೇ ಫೀಸ್ ತುಂಬಾ ಉಳೀತು. ಕೈಬಿಡೋಕೆ ಹೆದರ್ಬೇಡಿ ಸರ್, ಯಾವ ವಿಭಾಗಾನೂ ತನ್ನ ಬಜೆಟ್‌ನಿಂದ ಫೀಸ್ ಕಟ್ಟೋಕೆ ಒಪ್ಪದೇ ಇರೋ ಪೇಟೆಂಟ್ ಯಾರಿಗೂ ಬೇಕಿಲ್ಲ ಅಂತಾನೇ ಅರ್ಥ.

ಇನ್ನೊಬ್ಬರು: ಲೈಸೆನ್ಸ್ ಕೊಡೋದಾದ್ರೆ ನೀವು ಕಾಲಿಡದ ಕ್ಷೇತ್ರಕ್ಕೆ ಮಾತ್ರ ಕೊಡಿ, ಒಬ್ಬರಿಗೇ ಅಂತ ಕೊಟ್ರೆ ಕನಿಷ್ಠ ರಾಯಲ್ಟಿ (ಬಳಸಿದ್ದಕ್ಕೆ ಕೊಡೋ ಪಾಲು) ಬರೆಸ್ಲೇಬೇಕು, ಇಲ್ಲಾಂದ್ರೆ ಅವ್ರು ತಗೊಂಡು ಸುಮ್ನೆ ಇಟ್ಕೊಂಡ್ಬಿಡ್ತಾರೆ, ನೀವು ಬೇರೆಯವ್ರಿಗೂ ಕೊಡೋಹಾಗಿಲ್ಲ. ಚಿಪ್ ಡಿಸೈನ್ ಮಾಡೋ ಆರ್ಮ್ ಕಂಪನಿ ಎಷ್ಟೋ ವರ್ಷ ಸ್ವಂತ ಚಿಪ್ ಮಾರದೇ ಡಿಸೈನ್‌ನ ಲೈಸೆನ್ಸ್ ಮತ್ತೆ ರಾಯಲ್ಟೀಲೇ ಬೆಳೀತು, ಆದ್ರೆ ಅವ್ರು ಜೊತೆಗೆ ಟೂಲ್ಸ್, ತಾಂತ್ರಿಕ ಸಹಾಯ ಎಲ್ಲಾ ಕೊಡ್ತಿದ್ರು. ಬರೀ ಪೇಟೆಂಟ್ ನಂಬರ್ ಹಿಡ್ಕೊಂಡು ಹೋದ್ರೆ ಯಾರೂ ಬಾಗಿಲು ತೆಗೆಯಲ್ಲ.

ಮತ್ತೊಬ್ಬರು: ಸಾಫ್ಟ್‌ವೇರ್ ಬರೆದೋರು ನಿಮ್ಮ ಸಿಬ್ಬಂದೀನಾ, ಹೊರಗಿನ ಫ್ರೀಲಾನ್ಸರ್‌ಗಳಾ? ಹೊರಗಿನವ್ರಾದ್ರೆ ದುಡ್ಡು ಕೊಟ್ಟ ಮಾತ್ರಕ್ಕೆ ಕಾಪಿರೈಟ್ ನಿಮ್ದಾಗಲ್ಲ, ಬಹಳ ಕಡೆ ಲಿಖಿತ ವರ್ಗಾವಣೆ ಬೇಕು. ಓಪನ್ ಸೋರ್ಸ್ ಕೋಡ್ (ಯಾರು ಬೇಕಾದ್ರೂ ಷರತ್ತಿನ ಮೇಲೆ ಬಳಸ್ಬಹುದಾದ ಕೋಡ್) ಸೇರಿದ್ರೆ ಅದ್ರ ಷರತ್ತೂ ನೋಡ್ಕೊಳ್ಳಿ. ಹೂಡಿಕೆದಾರ್ರು ಬಂದಾಗ ಮೊದ್ಲು ಕೇಳೋ ಕಾಗದಗಳಲ್ಲಿ ಈ ವರ್ಗಾವಣೆ ಪತ್ರಾನೂ ಒಂದು, ಕೋಡ್ ಬರೆದ ಹಳಬರು ಫೋನಿಗೆ ಸಿಗೋವಾಗ್ಲೇ ಸೈನ್ ಮಾಡಿಸ್ಕೊಂಡ್ಬಿಡಿ.