200 ಅಡಿ ಕೆಳಗಿಳಿದದ್ದನ್ನು ವರದಿ ಮಾಡಿದರೆ ಅದು ಕ್ಯಾಪ್ಟನ್ ಮೇಲಿನ ದೂರಾಗುತ್ತದೆಯೇ?

ಪ್ರಶ್ನೆ: ಬಲಗಡೆಯ ಆಸನ

ನಾನು ದೇಶೀಯ ವಿಮಾನಯಾನ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳಿಂದ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿದ್ದೇನೆ. ಕಳೆದ ವಾರ ರಾತ್ರಿ ಇಳಿಯುವ ಹಂತದಲ್ಲಿ, ಸುಮಾರು 9,000 ಅಡಿಯಲ್ಲಿದ್ದಾಗ, ಕ್ಯಾಬಿನ್‌ನಿಂದ ಇಂಟರ್‌ಕಾಮ್ ಕರೆ ಬಂದಿತು. ನಾಲ್ಕು ವೀಲ್‌ಚೇರ್ ಎಂದು ಮೊದಲು ಹೇಳಿದ್ದರು, ಈಗ ಆರು ಬೇಕೆಂದರು. ಅದನ್ನು ಬರೆದುಕೊಂಡು ಎರಡನೆಯ ರೇಡಿಯೊದಲ್ಲಿ ನಮ್ಮ ಸಂಸ್ಥೆಯ ನೆಲದ ಸಿಬ್ಬಂದಿಗೆ ತಿಳಿಸುತ್ತಿರುವಾಗಲೇ ಎಟಿಸಿ (ವಾಯು ಸಂಚಾರ ನಿಯಂತ್ರಣ) 7,000 ಅಡಿಗೆ ಇಳಿಯಲು ಸೂಚಿಸಿತು. ಕ್ಯಾಪ್ಟನ್ ತಾವೇ ಸರಿಯಾಗಿ ಉತ್ತರಿಸಿದರೂ ಆಟೋಪೈಲಟ್‌ಗೆ ಎತ್ತರ ಹೇಳುವ ಗುಂಡಿ ತಿರುಗಿಸಿ ಇಟ್ಟದ್ದು 6,000. ಇಟ್ಟ ಅಂಕಿಯನ್ನು ಬೆರಳು ತೋರಿಸಿ ಇಬ್ಬರೂ ಓದಬೇಕೆಂಬುದು ನಮ್ಮ ಪದ್ಧತಿ. ನಾನು 'ಚೆಕ್ಡ್' ಎಂದೆ, ನೋಡಿರಲಿಲ್ಲ. 6,800 ಅಡಿಯಲ್ಲಿ ಎಟಿಸಿಯ ಕಂಟ್ರೋಲರ್ ನಮ್ಮ ಎತ್ತರ ಎಷ್ಟೆಂದು ಕೇಳಿದಾಗಲೇ ಇಬ್ಬರಿಗೂ ಎಚ್ಚರವಾದದ್ದು. ಹತ್ತಿರದಲ್ಲಿ ಬೇರೆ ವಿಮಾನವಿರಲಿಲ್ಲ. ಕಂಟ್ರೋಲರ್ ಮತ್ತೇನೂ ಹೇಳಲಿಲ್ಲ.

ಕ್ಯಾಪ್ಟನ್ ಒಳ್ಳೆಯವರು, ನನಗೆ ಬಹಳಷ್ಟು ಕಲಿಸಿದವರು. 'ಆದದ್ದಾಯಿತು, ಮನೆಗೆ ಹೋಗಿ ಮಲಗಿ' ಎಂದರು. ಈಗ ನಾನು ಸ್ವಯಂಪ್ರೇರಿತ ಸುರಕ್ಷತಾ ವರದಿ ಬರೆದರೆ, ಅವರ ಬೆನ್ನ ಹಿಂದೆ ಚಾಡಿ ಹೇಳಿದಂತಾಗುವುದಿಲ್ಲವೇ?

ಉತ್ತರ 1: ನಿವೃತ್ತ ಕ್ಯಾಪ್ಟನ್, ಮೈಸೂರು

ಮೊದಲು ನಿಮ್ಮ ಕೈಪಿಡಿಯಲ್ಲಿ ಕಡ್ಡಾಯ ವರದಿಯ ಪಟ್ಟಿಯನ್ನು ನೋಡಿ. ಘಟನೆ ಅದರೊಳಗೆ ಬರುವುದಾದರೆ ಬರೆಯಬೇಕೆ ಬೇಡವೆ ಎಂಬ ಪ್ರಶ್ನೆಯೇ ಇಲ್ಲ. ಬರುವುದಿಲ್ಲವಾದರೂ ಬರೆಯಿರಿ ಎಂದೇ ನಾನು ಹೇಳುತ್ತೇನೆ.

ನೀವು ಇಳಿದ ಆ 200 ಅಡಿ ವಿಮಾನದ ದತ್ತಾಂಶದಲ್ಲಿ ಈಗಾಗಲೇ ದಾಖಲಾಗಿದೆ. ಗುಂಡಿಯಲ್ಲಿ 6,000 ಇಟ್ಟದ್ದೂ ಇರುತ್ತದೆ. ಅಲ್ಲಿ ಇಲ್ಲದಿರುವುದು ವೀಲ್‌ಚೇರ್ ಮತ್ತು ನೀವು ನೋಡದೆ ಹೇಳಿದ 'ಚೆಕ್ಡ್'. ಇವೆರಡೂ ನಿಮ್ಮ ತಲೆಯಲ್ಲಿ ಮಾತ್ರ ಇವೆ, ಅವನ್ನು ಯಾವ ಯಂತ್ರವೂ ಹೊರತೆಗೆಯಲಾರದು.

1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲೆಸ್ (Dulles) ನಿಲ್ದಾಣಕ್ಕೆ ಬರುತ್ತಿದ್ದ, ಟಿಡಬ್ಲ್ಯೂಎ ಎಂಬ ಅಮೆರಿಕನ್ ಸಂಸ್ಥೆಯ 514 ವಿಮಾನ ವರ್ಜೀನಿಯಾದ ಬೆಟ್ಟಕ್ಕೆ ಅಪ್ಪಳಿಸಿ ಅದರಲ್ಲಿದ್ದ 92 ಮಂದಿಯೂ ಸತ್ತರು. ಅಪ್ರೋಚ್‌ಗೆ (ಇಳಿಯಲು ನಿಲ್ದಾಣದತ್ತ ಸಾಗುವುದಕ್ಕೆ) ಅನುಮತಿ ಸಿಕ್ಕಿತೆಂದರೆ ಕೂಡಲೇ ಕೆಳಗಿಳಿಯಬಹುದೆಂದು ಪೈಲಟ್‌ಗಳು ಅರ್ಥ ಮಾಡಿಕೊಂಡಿದ್ದರು. ಇದಕ್ಕೆ ಆರು ವಾರ ಮೊದಲು ಯುನೈಟೆಡ್ ಸಂಸ್ಥೆಯ ಪೈಲಟ್‌ಗಳು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿ, ತಮ್ಮ ಸಂಸ್ಥೆಯೊಳಗಿನ ವ್ಯವಸ್ಥೆಗೆ ತಿಳಿಸಿದ್ದರು. ಆ ಎಚ್ಚರಿಕೆ ಯುನೈಟೆಡ್‌ನ ಪೈಲಟ್‌ಗಳಿಗೆ ಮಾತ್ರ ತಲುಪಿತು; ಟಿಡಬ್ಲ್ಯೂಎಗೆ ತಲುಪುವ ದಾರಿಯೇ ಇರಲಿಲ್ಲ. ಆ ಯುನೈಟೆಡ್ ಪೈಲಟ್‌ಗಳು ಯಾರ ಮೇಲೆ ಚಾಡಿ ಹೇಳಿದಂತಾಯಿತು?

ಕ್ಯಾಪ್ಟನ್‌ಗೆ ತಿಳಿಸದೆ ಕಳುಹಿಸಬೇಡಿ. ಫೋನ್ ಮಾಡಿ, 'ಸರ್, ಬರೆಯಬೇಕೆಂದಿದ್ದೇನೆ' ಎನ್ನಿ. ವರದಿಯ ಮೊದಲ ವಾಕ್ಯ ನಿಮ್ಮ ತಪ್ಪಿನಿಂದಲೇ ಆರಂಭವಾಗಲಿ.

ಉತ್ತರ 2: ಎಟಿಆರ್ (ಸಣ್ಣ ಪ್ರಯಾಣಿಕ ವಿಮಾನ) ಓಡಿಸುವವನು

ಕ್ಯಾಪ್ಟನ್ ಸರ್ ಅವರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳಬೇಕಾಗಿದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಮಾತಿನಲ್ಲಿ ಮುಳುಗಿ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಮೇಲೆತ್ತಲು ತಡಮಾಡಿದ್ದನ್ನು ಪ್ರಾಮಾಣಿಕವಾಗಿ ಬರೆದುಕೊಟ್ಟೆ. ಬರೆದವರ ಹೆಸರು ಗೌಪ್ಯವೆಂದು ಫಾರಂನ ತಲೆಯಲ್ಲೇ ಅಚ್ಚಾಗಿತ್ತು. ಐದನೆಯ ದಿನ ಬ್ರೀಫಿಂಗ್ ಕೋಣೆಯಲ್ಲಿ ಹಿರಿಯರೊಬ್ಬರು, 'ಏನಯ್ಯಾ, ಫ್ಲ್ಯಾಪ್ ಮರೆತವನು ನೀನೇನಾ?' ಎಂದರು. ಅವರು ಹೇಳಿದ್ದು ತಮಾಷೆಗೇ ಇರಬಹುದು. ಆದರೆ ಅದಾದ ಮೇಲೆ ಆ ಬೇಸ್‌ನಲ್ಲಿ ಯಾರಾದರೂ ಆ ಫಾರಂ ಮುಟ್ಟಿದ್ದನ್ನು ನಾನು ಕಾಣಲಿಲ್ಲ.

ಅಮೆರಿಕದಲ್ಲಿಯೂ ಮೊದಲು ಇದೇ ಆಯಿತು. 1975ರಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ತಾನೇ ವರದಿ ಸ್ವೀಕರಿಸಲು ಹೊರಟಾಗ, ಪರವಾನಗಿ ಕಿತ್ತುಕೊಳ್ಳುವ ಅಧಿಕಾರವಿರುವವರ ಕೈಗೇ ತಪ್ಪೊಪ್ಪಿಗೆ ಕೊಡಲು ಪೈಲಟ್‌ಗಳು ಹಿಂಜರಿದರು. ಹಾಗಾಗಿ 1976ರಿಂದ ಆ ಕೆಲಸ ಯಾರನ್ನೂ ದಂಡಿಸುವ ಅಧಿಕಾರವಿಲ್ಲದ ನಾಸಾಗೆ ಹೋಯಿತು. ಫಾರಂನಲ್ಲಿ ಹೆಸರು, ವಿಳಾಸವಿರುವ ತುಂಡನ್ನು ಬೇರ್ಪಡಿಸಿ, ದಿನಾಂಕದ ಮುದ್ರೆ ಒತ್ತಿ, ಬರೆದವರಿಗೇ ಹಿಂದಿರುಗಿಸುತ್ತಾರೆ. ಕಚೇರಿಯಲ್ಲಿ ಹೆಸರು ಉಳಿಯುವುದಿಲ್ಲ. ಘಟನೆಯಾದ 10 ದಿನಗಳೊಳಗೆ ಕಳುಹಿಸಿದ್ದರೆ, ಮತ್ತು ತಪ್ಪು ಬೇಕೆಂದು ಮಾಡಿದ್ದಲ್ಲವಾದರೆ, ಆ ತುಂಡೇ ದಂಡನೆಯಿಂದ ರಕ್ಷಣೆ ಕೊಡುತ್ತದೆ. ಅಪಘಾತಕ್ಕೂ ಅಪರಾಧಕ್ಕೂ ಈ ರಕ್ಷಣೆಯಿಲ್ಲ.

ಆದ್ದರಿಂದ ನಿಮ್ಮ ಫಾರಂ ಯಾರ ಮೇಜಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸುರಕ್ಷತಾ ವಿಭಾಗದಲ್ಲೇ ನಿಲ್ಲುತ್ತದೆಯೇ, ಚೀಫ್ ಪೈಲಟ್ ಕೋಣೆಗೂ ಹೋಗುತ್ತದೆಯೇ? ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಕುರುಡಾಗಿ ಬರೆಯಬೇಡಿ ಎನ್ನುತ್ತಿದ್ದೇನೆ.

ಉತ್ತರ 3: ಅಮೆರಿಕದ ಡಲ್ಲಾಸ್‌ನಿಂದ, ವಿಮಾನ ಡಿಸ್ಪ್ಯಾಚರ್ (ನೆಲದಿಂದ ಹಾರಾಟ ಯೋಜಿಸುವ ಕೆಲಸ)

ಈ ಚರ್ಚೆಯಲ್ಲಿ ವೀಲ್‌ಚೇರ್ ಕರೆಯನ್ನು ಯಾರೂ ಗಟ್ಟಿಯಾಗಿ ಹಿಡಿಯಲಿಲ್ಲವೆಂದು ನನಗನ್ನಿಸಿತು. ಗಮನ ತಪ್ಪುವುದೆಂದರೆ ನಾವು ಹರಟೆ, ಮೊಬೈಲ್ ಎಂದುಕೊಳ್ಳುತ್ತೇವೆ. 1974ರ ಸೆಪ್ಟೆಂಬರ್‌ನಲ್ಲಿ ಷಾರ್ಲಟ್ ಬಳಿ ಬಿದ್ದ ಈಸ್ಟರ್ನ್ 212ರಲ್ಲಿ ಹರಟೆಯೇ ಕಾರಣಗಳಲ್ಲೊಂದಾಗಿತ್ತು ಎಂಬುದು ನಿಜ. ಆದರೆ ಅದೇ ಸಂಸ್ಥೆಯ 401ನೆಯ ವಿಮಾನ 1972ರ ಡಿಸೆಂಬರ್ 29ರ ರಾತ್ರಿ ಮಯಾಮಿ ಬಳಿಯ ಜೌಗಿನಲ್ಲಿ ಬಿದ್ದಾಗ ಕಾಕ್‌ಪಿಟ್‌ನಲ್ಲಿದ್ದವರು ಹರಟುತ್ತಿರಲಿಲ್ಲ. ಎಲ್ಲರೂ ಮುಂಚಕ್ರದ ಸೂಚಕ ದೀಪದ ಬಲ್ಬನ್ನು ನೋಡುತ್ತ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದರು. ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ. ಎತ್ತರ ತಪ್ಪಿದೆಯೆಂಬ ಗಂಟೆಯ ನಾದ ಧ್ವನಿಮುದ್ರಣದಲ್ಲಿದೆ, ಆದರೆ ಅದಕ್ಕೆ ಓಗೊಟ್ಟವರಿಲ್ಲ. 101 ಮಂದಿ ಸತ್ತರು.

1981ರಲ್ಲಿ ಇಲ್ಲಿ ಅಮೆರಿಕದಲ್ಲಿ ಬಂದ ಸ್ಟೆರೈಲ್ ಕಾಕ್‌ಪಿಟ್ ನಿಯಮವನ್ನು 10,000 ಅಡಿಗಿಂತ ಕೆಳಗೆ ಹರಟೆ ಕೂಡದೆಂಬ ನಿಯಮವಾಗಿ ಮಾತ್ರ ನೆನಪಿಡುತ್ತಾರೆ. ಅದರಲ್ಲಿ ಅಡುಗೆ ಸಾಮಾನಿಗೆ ಹೇಳುವುದು, ಪ್ರಯಾಣಿಕರ ಮುಂದಿನ ವಿಮಾನವನ್ನು ಖಚಿತಪಡಿಸುವುದು ಮುಂತಾದ ಸಂಸ್ಥೆಯ ಕರೆಗಳನ್ನೂ ಹೆಸರಿಸಿ ನಿಷೇಧಿಸಿದ್ದಾರೆ. ನಿಮ್ಮ ವೀಲ್‌ಚೇರ್ ಅದೇ ಸಾಲಿಗೆ ಸೇರುತ್ತದೆ.

ಇಂಥ ಸಣ್ಣ ವಿವರವನ್ನು ಬಿಡಬಾರದು. 2019ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್‌ನಿಂದ ಕಾನ್‌ಕೂನ್‌ಗೆ ಹೋಗುತ್ತಿದ್ದ ಎ330 ವಿಮಾನದಲ್ಲಿ ಕ್ಯಾಪ್ಟನ್‌ನ ಕಾಫಿ ಚೆಲ್ಲಿ ರೇಡಿಯೊ ಫಲಕ ಕೆಟ್ಟು, ವಿಮಾನ ಐರ್ಲೆಂಡಿನ ಶ್ಯಾನನ್‌ಗೆ ತಿರುಗಿತು. ಕಪ್ಪನ್ನು ಹೋಲ್ಡರ್‌ನಲ್ಲಿ ಇಡದೆ ಟ್ರೇ ಮೇಲೆ ಇಟ್ಟದ್ದು ಕ್ಯಾಪ್ಟನ್ ತಪ್ಪು ಎಂದು ಮುಗಿಸಬಹುದಿತ್ತು. ಆದರೆ ಆ ಮಾರ್ಗದಲ್ಲಿ ಕೊಡುತ್ತಿದ್ದ ಕಪ್ಪುಗಳು ಹೋಲ್ಡರ್‌ನಲ್ಲಿ ಸರಿಯಾಗಿ ಕೂರುತ್ತಲೇ ಇರಲಿಲ್ಲವೆಂದು ತನಿಖೆ ಹೇಳಿತು. ಸಂಸ್ಥೆ ಕಪ್ಪನ್ನೇ ಬದಲಿಸಿತು.

ಮತ್ತೆ: ಬಲಗಡೆಯ ಆಸನ

ಎಲ್ಲ ಹಿರಿಯರಿಗೂ ವಂದನೆಗಳು. ಸುರಕ್ಷತಾ ವಿಭಾಗಕ್ಕೆ ಕರೆ ಮಾಡಿ ಕೇಳಿದೆ. ಹೆಸರು ತೆಗೆದ ಮೇಲೆಯೇ ಪ್ರತಿ ಹೊರಗೆ ಹೋಗುತ್ತದೆಂದು ಹೇಳಿದ್ದಾರೆ. ಎಟಿಆರ್ ಅವರ ಅನುಭವ ಓದಿದ ಮೇಲೆ ಅದನ್ನು ಸುರಕ್ಷತಾ ವಿಭಾಗದವರಿಂದ ಇಮೇಲ್‌ನಲ್ಲಿಯೂ ಬರೆಸಿಕೊಂಡೆ.

ಕ್ಯಾಪ್ಟನ್‌ಗೆ ಫೋನ್ ಮಾಡಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ರಾತ್ರಿಯ ವಿಮಾನದಲ್ಲಿ ವೀಲ್‌ಚೇರ್ ಲೆಕ್ಕ ಹೊರಡುವಾಗ ಎಂದೂ ಸರಿಯಿರುವುದಿಲ್ಲ, ಇಳಿಯುವಾಗ ಕರೆ ಬಂದೇ ಬರುತ್ತದೆ, ಹಿಂದಿನ ತಿಂಗಳು ಬೇರೆ ಫಸ್ಟ್ ಆಫೀಸರ್ ಜೊತೆಗಿದ್ದಾಗಲೂ ಬಂದಿತ್ತು ಎಂದರು. 'ಅದನ್ನು ಸೇರಿಸಿ, ಕೆಳಗೆ ನನ್ನ ಹೆಸರೂ ಇರಲಿ' ಎಂದರು. ನಿನ್ನೆ ಸಂಜೆ ಇಬ್ಬರ ಹೆಸರಿನಲ್ಲಿ ಕಳುಹಿಸಿದ್ದೇವೆ. 'ಚೆಕ್ಡ್' ಎಂದದ್ದು ಮೊದಲ ವಾಕ್ಯದಲ್ಲಿಯೇ ಇದೆ.