ಯಾರ ಕಣ್ಣಿನ ಮಟ್ಟ?

"ಬೆಂಚು ಎಲ್ಲಿ?"

ಮಾಬ್ಲನ ಅಂಗಡಿ ಹೊಕ್ಕ ಸುಬ್ರಾಯ ಮಾಸ್ತರು ಮೊದಲು ಕೇಳಿದ್ದು ಅದನ್ನೇ. ಎದುರಿಗೆ ಆರಡಿ ಎತ್ತರದ ಹೊಸ ಸ್ಟ್ಯಾಂಡು ನಿಂತಿತ್ತು. ಹಲಗೆ ಹಲಗೆಗೂ ಎಲ್‌ಇಡಿ ದೀಪ. ಅದರ ಬಗ್ಗೆ ಒಂದು ಮಾತೂ ಇಲ್ಲ.

"ಜಗಲಿಗೆ ಹಾಕಿದ್ದೇನೆ ಮಾಸ್ತರೇ," ಎಂದ ಮಾಬ್ಲ. "ಒಳಗೆ ಜಾಗ ಸುಮ್ನೆ ವೇಸ್ಟ್ ಅಂದ ವಿನು."

"ಜಾಗ ಅಂದನೋ, ನಾವು ಅಂದನೋ, ಸರಿಯಾಗಿ ಕೇಳಿಸಿಕೊಂಡೆಯಾ?" ಗಪ್ಪತಿ ಜಗಲಿಯಿಂದಲೇ ಕೂಗಿದ. ಅವನು ಆಗಲೇ ಬೆಂಚಿನಲ್ಲಿ ಕೂತಾಗಿತ್ತು.

ಮಾಸ್ತರು ಹೊರಗೆ ಬಂದು ಪಕ್ಕದಲ್ಲಿ ಕೂತರು. "ಶಿರಸಿಗೆ ಏನೋ ಸೋಂಕು ತಗುಲಿದೆ ಮಾರಾಯಾ. ಎಲ್ಲಿ ನೋಡಿದರೂ ಸ್ಟ್ಯಾಂಡು. ಮೊನ್ನೆ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿಗೂ ಬಣ್ಣದ ದೀಪ ಹಾಕಿದ್ದರು. ಕೆಮ್ಮು ಇಲ್ಲದವನಿಗೂ ಒಮ್ಮೆ ಕೆಮ್ಮಿ ನೋಡೋಣ ಅನಿಸಬೇಕು, ಹಾಗೆ."

ವಿನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದ. "ಅದೇ ಡಿಸ್‌ಪ್ಲೇ ಮಾಸ್ತರೇ. ಗಿರಾಕಿ ತಾನೇ ನೋಡಬೇಕು, ತಾನೇ ಕೈ ಹಾಕಿ ತಗೋಬೇಕು. 1916ರಲ್ಲಿ ಅಮೆರಿಕದ ಮೆಂಫಿಸ್ ಊರಲ್ಲಿ ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆರೆದರು. ಕೌಂಟರಿನ ಆಚೆ ನಿಂತು ಸಾಮಾನು ಕೇಳುವುದು ಅಲ್ಲಿಗೆ ಮುಗಿಯಿತು."

"ಅವರು 1916ರಲ್ಲಿ ಕಲಿತರಾ? ನಿನ್ನ ಅಜ್ಜನ ಪೆಪ್ಪರ್‌ಮಿಂಟ್ ಭರಣಿಗೆ ನಾವು ಯಾರೂ ಕಲಿಸದೇ ಕೈ ಹಾಕಿದವರು."

ವಿನು ಬಿಡಲಿಲ್ಲ. ಕೆಳಗೆ ಭಾರದ ಮಾಲು ಇಡಬೇಕು, ಇಲ್ಲದಿದ್ದರೆ ಸ್ಟ್ಯಾಂಡು ಮುಂದಕ್ಕೆ ಮಗುಚುತ್ತದೆ. ಅದಕ್ಕೇ ಜೋನಿಬೆಲ್ಲದ ಡಬ್ಬಿ ನೆಲದ ಹತ್ತಿರ. ಮಕ್ಕಳ ತಿಂಡಿ ಮಕ್ಕಳ ಎತ್ತರಕ್ಕೆ. ಜಾಸ್ತಿ ಲಾಭದ್ದು ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 5 ಅಡಿ. ಅಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಚೆಂದದ ಗಾಜಿನ ಬಾಟಲಿಯಲ್ಲಿ. ಅಕ್ಕಿ, ಬೇಳೆ, ಸಕ್ಕರೆ ಎಲ್ಲ ಹಿಂದಿನ ಗೋಡೆಗೆ.

"ಅಂದರೆ ಬೇಕೇ ಬೇಕಾದದ್ದು ಹಿಂದೆ, ಬೇಡದ್ದು ಮೂಗಿನ ಎದುರಿಗೆ," ಎಂದರು ಮಾಸ್ತರು.

"ಅಕ್ಕಿಯನ್ನು ಹುಡುಕಿಕೊಂಡು ಹೇಗೂ ಹೋಗ್ತಾರೆ. ಹೋಗುವ ದಾರಿಯಲ್ಲಿ ಉಪ್ಪಿನಕಾಯಿ ಕಾಣಬೇಕು."

"ಸರಿ ತಮ್ಮಾ, ಒಂದು ಸಂಶಯ. ಕಣ್ಣಿನ ಮಟ್ಟ ಅಂದೆಯಲ್ಲ, ಯಾರ ಕಣ್ಣು?"

ವಿನು ಬಾಯಿ ತೆರೆಯುವುದರೊಳಗೆ ಗಪ್ಪತಿ ಎದ್ದು ಸ್ಟ್ಯಾಂಡಿನ ಎದುರು ನಿಂತಿದ್ದ. ಅವನ ಎತ್ತರ ಇಡೀ ಊರಿಗೆ ಗೊತ್ತು. ಅವನ ಕಣ್ಣಿಗೆ ಸರಿಯಾಗಿ ಬಂದದ್ದು ಮಕ್ಕಳ ಚಿಕ್ಕಿ. ಮಾಬ್ಲ ನಿಂತ, ಅವನಿಗೆ ಸ್ಟ್ಯಾಂಡಿನ ತಲೆಯ ಮೇಲಿನ ಧೂಳು ಕಂಡಿತು. ಹಾಲು ಕೊಡಲು ಬಂದ ಗಂಗಕ್ಕನನ್ನೂ ನಿಲ್ಲಿಸಿದರು. "ನನಗೆ ಕನ್ನಡಕ ಇಲ್ಲದೇ ಎಂತದೂ ಕಾಣ್ತಿಲ್ಲೆ," ಎಂದು ಆಕೆ ಇಡೀ ಶಾಸ್ತ್ರವನ್ನೇ ಹೊಡೆದು ಹಾಕಿದಳು.

ಅಷ್ಟರಲ್ಲಿ ಮಂಜು ಆಚಾರಿ ಬಂದ. ಬಂದವನು ಮಾತಾಡಲಿಲ್ಲ. ಸ್ಟ್ಯಾಂಡಿನ ಕಾಲಬುಡಕ್ಕೆ ಬೆರಳಿನ ಗಂಟಿನಿಂದ ಬಡಿದು ನೋಡಿದ.

"ಎಂಡಿಎಫ್," ಎಂದ, ಯಾರದೋ ಸಾವಿನ ಸುದ್ದಿ ಹೇಳಿದ ಹಾಗೆ. "ಮರದ ನಾರಿನ ಪುಡಿ, ಅಂಟು. ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ. ಒಂದು ಆಷಾಢ ಕಳೆಯಲಿ, ನೋಡುವಾ."

"ಮತ್ತೆ ಯಾವುದು ಹಾಕಬೇಕಿತ್ತು?"

"ನೀರು ತಡೆಯುವ ಪ್ಲೈವುಡ್ಡು. ಐಎಸ್ 710 ಅಂತ ಮುದ್ರೆ ಇರ್ತದೆ. ಹಲಗೆಯ ಮುಂದಿನ ಅಂಚಿಗೆ ಅಡಿಯಿಂದ ಒಂದು ಮರದ ಪಟ್ಟಿ ಕೊಡಬೇಕು. ಇಷ್ಟು ಗಾಜಿನ ಬಾಟಲಿ ಹೊತ್ತರೆ ಹಲಗೆ ನಡು ಬಗ್ಗದೇ ಇರ್ತದಾ? ಮುಂದೆ ಒಂದು ಗಿಡ್ಡ ತಡೆ ಬೇಕು, ಬಾಟಲಿ ಜಾರಬಾರದು. ದಪ್ಪ ಕಾಲು ಕೊಟ್ಟು ನೆಲದಿಂದ ನಾಲ್ಕು ಬೆರಳು ಎತ್ತಬೇಕು, ಅಡಿಗೆ ಪೊರಕೆ ಹೋಗಬೇಕು. ಕೆಳಗೆ ಕಾರವಾರ, ಕುಮಟಾದಲ್ಲಿ ಕಬ್ಬಿಣ ಇಟ್ಟರೆ ಉಪ್ಪುಗಾಳಿಗೆ ತುಕ್ಕು. ಮೇಲೆ ಇಲ್ಲಿ ಎಂಡಿಎಫ್ ಇಟ್ಟರೆ ಮಳೆಗೆ ಬಾವು. ಆ ಕೋಕಂ ಬಾಟಲಿ ದೀಪದ ಬುಡದಿಂದ ತೆಗಿ ಮಾರಾಯಾ, ಬಣ್ಣ ಇಳಿದು ಹೋಗ್ತದೆ."

"ಗುಡಿಗಾರರು ಗಂಧದಲ್ಲಿ ಕೆತ್ತಿದ ಊರು ಇದು," ಎಂದರು ಮಾಸ್ತರು. "ಇಲ್ಲಿ ಪುಡಿ ಅಂಟಿಸಿ ಬಣ್ಣ ಬಳಿದು ಬೆಂಗಳೂರಿಂದ ಲಾರಿ ಮೇಲೆ ತರಿಸ್ತಾರೆ."

"ಹಾಗಾದರೆ ಚೆಂದ ಮಾಡಿ ಇಡೋದೇ ತಪ್ಪಾ?" ವಿನುಗೆ ಸ್ವಲ್ಪ ಸಿಟ್ಟು ಬಂದಿತ್ತು.

"ಅಯ್ಯೋ, ಯಾರು ಹೇಳಿದ್ದು? ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಳೆ ಅಂಗಡಿ ಬರ್ತದಲ್ಲ, ನೋಡು. ಎರಡು ಗಳ, ಒಂದು ಹಗ್ಗ, ಒಂದು ಬಲ್ಬು. ಆದರೂ ಹೆಂಗಸರು ದಾಟಿ ಹೋಗಲಿ ನೋಡುವಾ. ಅಲ್ಲಿ ಬಳೆ ಮಾತ್ರ ಕಾಣ್ತದೆ, ಹಗ್ಗ ಕಾಣೋದಿಲ್ಲ. ನಿನ್ನಲ್ಲಿ ಹಗ್ಗವೇ ಕಾಣ್ತದೆ."

ಮಾಬ್ಲನಿಗೆ ಬೇಜಾರಾಯಿತು. ಸ್ಟ್ಯಾಂಡಿಗೆ ಕೊಟ್ಟ ದುಡ್ಡು ನೆನಪಾಗಿರಬೇಕು. "ಅಪ್ಪನ ಕಾಲದಲ್ಲಿ ಏನೂ ಕಾಣ್ತಿರಲಿಲ್ಲ ಬಿಡಿ. ಎಲ್ಲ ಡಬ್ಬಿಯೊಳಗೆ."

"ಹೌದು, ಸಾಮಾನು ಕಾಣ್ತಿರಲಿಲ್ಲ." ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮವಳು ತೀರಿಕೊಂಡ ಮೇಲೆ ನಾನು ಮೊದಲ ಸಲ ಇಲ್ಲಿಗೆ ಬಂದಾಗ ಚೀಟಿ ತಂದಿರಲಿಲ್ಲ. ಚೀಟಿ ಬರೆಯುತ್ತಿದ್ದದ್ದು ಅವಳು. ನಿನ್ನ ಅಪ್ಪ ಏನೂ ಕೇಳಲಿಲ್ಲ. ಪ್ರತಿ ಸಲ ಕೊಡುವ ಎಲ್ಲವನ್ನೂ ಕಟ್ಟಿದ. ಎಲ್ಲ ಅರ್ಧಕ್ಕರ್ಧ ಕಟ್ಟಿದ. ಅವಳು ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆ ಒಂದು ಬಿಟ್ಟ."

ಗಪ್ಪತಿ ಚಿಕ್ಕಿಯ ಪೊಟ್ಟಣ ಒಡೆಯುವುದನ್ನು ನಿಲ್ಲಿಸಿದ. ವಿನು ಸ್ಟ್ಯಾಂಡಿನ ದೀಪ ಆರಿಸಿದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ. "ಹಾಕು ಹಾಕು," ಎಂದರು ಮಾಸ್ತರು, "ಕರೆಂಟು ಹೇಗೂ ಮಧ್ಯಾಹ್ನ ಹೋಗ್ತದೆ, ಇರುವಷ್ಟು ಹೊತ್ತು ಉರಿಯಲಿ."

"ಈಗ ಬೆಂಚಿನ ವಿಷಯ," ಎಂದ ಗಪ್ಪತಿ. "ಜಗಲಿಯಲ್ಲಿ ಕೂತು ನೋಡಿದರೆ ಕಣ್ಣಿನ ಮಟ್ಟ ಮೂರೂವರೆ ಅಡಿ. ದಿನಾ ನಮಗೆ ಕಾಣೋದು ಮಕ್ಕಳ ಚಿಕ್ಕಿ ಮಾತ್ರ. ನಿಂತು ಹೋಗುವವರಿಗೆ ಉಪ್ಪಿನಕಾಯಿ, ದಿನವಿಡೀ ಕೂರುವವರಿಗೆ ಚಿಕ್ಕಿ. ಇದು ಅನ್ಯಾಯ ಅಲ್ವಾ?"

"ಕೂರುವವರು ಏನನ್ನೂ ಕೊಳ್ಳೋದಿಲ್ಲವಲ್ಲ," ಎಂದ ಮಾಬ್ಲ.

"ಕಾಣದೇ ಹೇಗೆ ಕೊಳ್ಳೋದು? ವಿನು ಹೇಳಿದ ಶಾಸ್ತ್ರವೇ ಅದು."

ವಿನು ಯೋಚನೆಗೆ ಬಿದ್ದ. ಅವನ ಕೈಯಲ್ಲಿ ಪೆನ್ಸಿಲ್ಲು ಬಂತು. "ಬೆಂಚನ್ನು ಒಂದೂವರೆ ಅಡಿ ಎತ್ತರಿಸಿದರೆ? ಬಾರ್ ಸ್ಟೂಲಿನ ಎತ್ತರ ಬರ್ತದೆ. ಕಣ್ಣು ನೇರ ಅಪ್ಪೆಮಿಡಿಗೆ."

"ಕಾಲು?"

"ನೇತಾಡ್ತದೆ."

"ನನ್ನದು ಈಗಲೂ ನೇತಾಡ್ತದೆ, ನನಗೆ ಅಡ್ಡಿಲ್ಲ," ಎಂದ ಗಪ್ಪತಿ.

ಎಲ್ಲರೂ ಆಚಾರಿಯ ಕಡೆ ನೋಡಿದರು. ಅವನು ಕಿವಿಯ ಮೇಲಿನ ಪೆನ್ಸಿಲ್ಲು ಮುಟ್ಟಲೂ ಇಲ್ಲ.

"ಮಾಡಿ ಕೊಡುವಾ. ಹಲಸಿನ ಹಲಗೆ ಮನೆಯಲ್ಲೇ ಇದೆ. ಆದರೆ ಮಾಬ್ಲಾ, ಈ ಹಳೇ ಬೆಂಚು ಮಾಡಿದ್ದು ನಾನೇ. ನಿನ್ನ ಅಪ್ಪ, ಬರುವ ದೀಪಾವಳಿಗೆ ಕೊಡುವಾ ಅಂದಿದ್ದ. ಮೊದಲು ಆ ಲೆಕ್ಕದ ಪುಸ್ತಕ ಎಲ್ಲಿದೆ ನೋಡು. ಕಣ್ಣಿನ ಮಟ್ಟಕ್ಕಂತೂ ಇಟ್ಟಿರಲಿಕ್ಕಿಲ್ಲ."